ಶ್ರೀ ಪುರಂದರದಾಸರ ಹಿರಿಮೆ ಮತ್ತು ಇಂದಿನ ಎಣಿಕೆ

ಪುಷ್ಯ ಬಹುಳ ಅಮಾವಾಸ್ಯೆಯು ಶ್ರೀ ಪುರಂದರದಾಸಾರ್ಯರ ಆರಾಧನೆಯ ಪುಣ್ಯದಿನವೆಂಬುದು ಆಸ್ತಿಕರೆಲ್ಲರಿಗೂ ವಿದಿತವೇ ಆಗಿದೆ. ಹಂಪೆಯಲ್ಲಿ ತುಂಗಭದ್ರೆಯ ದಡದ ಪುರಂದರ ಮಂಟಪದಿಂದ ಹಿಡಿದು ಮುಂಬಯಿ, ಪುಣೆ, ದೆಹಲಿಗಳಲ್ಲಿ ನಾವು ನೆರೆಯುವ ಸಭಾಗೃಹಗಳವರೆಗೆ ಅಂದು ದಾಸರ ಪದಗಳು ಮೊಳಗುತ್ತವೆ. ಈ ಆರಾಧನೆಯ ಕಾರ್ಯಕ್ರಮವನ್ನು ಗೊತ್ತುಪಡಿಸುವಾಗ ಈಚಿನ ವರ್ಷಗಳಲ್ಲಿ ಒಂದು ಹೊಸ ಅಳತೆಗೋಲು ಬಳಕೆಗೆ ಬಂದಿದೆ. ಯಾವ ಪದವನ್ನು ಹಾಡಬೇಕು, ಯಾವುದನ್ನು ಬಿಡಬೇಕು ಎಂಬ ಮಾತು ಬಂದೊಡನೆ ತರುಣರು ಕಿಸೆಯಿಂದ ಮೊಬೈಲ್ ತೆಗೆದು, ಯೂಟ್ಯೂಬಿನಲ್ಲಿ ಆ ಪದವನ್ನು ಎಷ್ಟು ಮಂದಿ ನೋಡಿದ್ದಾರೆಂದು ಓದಿ ಹೇಳುತ್ತಾರೆ. ಸಂಖ್ಯೆ ದೊಡ್ಡದಾದರೆ ಪದವು ಪಟ್ಟಿಗೆ ಸೇರಿತು. ಸಣ್ಣದಾದರೆ ‘ಇದಕ್ಕೆ ಜನ ಕೂರುವುದಿಲ್ಲ’ ಎಂಬ ಆಕ್ಷೇಪ. ನಾವು ಬಲ್ಲ ಒಂದು ಕಾರ್ಯಕ್ರಮದಲ್ಲಿ ಹೀಗೆ ಆರಿಸಿದ ಎಂಟು ಪದಗಳ ನಡುವೆ ಸುಳಾದಿ ಒಂದೂ ಇರಲಿಲ್ಲ, ಉಗಾಭೋಗ ಒಂದೂ ಇರಲಿಲ್ಲ. ಪುರಂದರದಾಸರ ಹೆಸರಿನಲ್ಲಿ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿದ್ದ ಒಂದು ಪದವಂತೂ ಅವರದೇ ಆಗಿರಲಿಲ್ಲ. ತರುಣರ ಶ್ರದ್ಧೆಯಲ್ಲಿ ಕೊರತೆ ಕಾಣಲಿಲ್ಲ. ಕೊರತೆಯಿದ್ದುದು ಅಳತೆಗೋಲಿನಲ್ಲಿ. ಅದನ್ನೇ ಈ ಪಾಠದಲ್ಲಿ ಪರೀಕ್ಷಿಸೋಣ.

ಶ್ರೀಮಜ್ಜಯತೀರ್ಥರು ‘ಪ್ರಮಾಣಪದ್ಧತಿ’ಯಲ್ಲಿ ನಿರೂಪಿಸಿರುವಂತೆ, ಜ್ಞೇಯವು ಹೇಗಿದೆಯೋ ಹಾಗೆಯೇ ಅದನ್ನು ವಿಷಯೀಕರಿಸುವುದು ಪ್ರಮಾಣ. ಹಾಗಾದರೆ ಯೂಟ್ಯೂಬಿನ ಸಂಖ್ಯೆಯು ಯಾವ ಜ್ಞೇಯವನ್ನು ವಿಷಯೀಕರಿಸುತ್ತದೆ? ಒಂದು ಧ್ವನಿಮುದ್ರಣವು ಇಷ್ಟು ಸಲ ತೆರೆಯಲ್ಪಟ್ಟಿತು ಎಂಬುದನ್ನು ಮಾತ್ರ. ಅಷ್ಟಕ್ಕೆ ಅದು ಪ್ರಮಾಣವೇ ಸರಿ. ಅಲ್ಲಿಂದ ಒಂದು ಹೆಜ್ಜೆ ಮುಂದಿಟ್ಟು ಅದು ರಚನಕಾರರ ಮಹತ್ತ್ವವನ್ನು ತಿಳಿಸುತ್ತದೆಂದರೆ ಅತಿವ್ಯಾಪ್ತಿ. ಆ ಸಂಖ್ಯೆ ಅಂಟಿಕೊಂಡಿರುವುದು ಒಬ್ಬ ಗಾಯಕರ ಒಂದು ಮುದ್ರಣಕ್ಕೆ. ಒಂದೇ ಪದವನ್ನು ನೂರು ಮಂದಿ ಹಾಡಿದ್ದರೆ ನೂರು ಬೇರೆ ಬೇರೆ ಸಂಖ್ಯೆಗಳು. ಅವನ್ನೆಲ್ಲ ಕೂಡಿಸಿ ದಾಸರ ಖಾತೆಗೆ ಜಮಾ ಮಾಡುವವರು ಯಾರೂ ಇಲ್ಲ. ವರಮಹಾಲಕ್ಷ್ಮೀ ವ್ರತದಂದು ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಎಂಬ ಪದವು ಮನೆಮನೆಗಳಲ್ಲಿ ತೆರೆಯಲ್ಪಡುತ್ತದೆ. ಗೃಹಿಣಿಯರು ಅಡುಗೆಮನೆಯಲ್ಲಿ ಹೋಳಿಗೆಯ ಕಣಕ ನಾದುತ್ತಿದ್ದರೂ, ಯಜಮಾನರು ಹೂ ತರಲು ಮಾರುಕಟ್ಟೆಗೆ ಹೋಗಿದ್ದರೂ ಅದು ಹಾಡುತ್ತಿರುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಮನೆಯಲ್ಲಿ ಮಂಗಳಧ್ವನಿ ಇರಲೆಂಬುದೇ ಉದ್ದೇಶ. ಆದರೆ ಅದು ಶ್ರವಣದ ಲೆಕ್ಕವಲ್ಲ, ಮನನದ ಲೆಕ್ಕ ಮೊದಲೇ ಅಲ್ಲ. ಇನ್ನೊಂದು ಮಾತು. ಯೂಟ್ಯೂಬ್ ಆರಂಭವಾದದ್ದು 2005ರಲ್ಲಿ. ದಾಸರು ಹರಿಪಾದ ಸೇರಿದರೆಂದು ಸಂಪ್ರದಾಯವು ಹೇಳುವ 1564ರಿಂದ ಅಲ್ಲಿಯವರೆಗೆ 441 ವರ್ಷಗಳು ಸಂದಿದ್ದುವು. ಅಷ್ಟು ಕಾಲ ಈ ಪದಗಳನ್ನು ಬೀಸುವ ಕಲ್ಲಿನ ಮುಂದೆ, ತೊಟ್ಟಿಲ ಬಳಿ, ಮಧುಕರವೃತ್ತಿಯ ಬೀದಿಗಳಲ್ಲಿ, ಭಜನೆಯ ಪಡಸಾಲೆಗಳಲ್ಲಿ ಬಾಯಿಂದ ಬಾಯಿಗೆ ಹೊತ್ತು ತಂದವರ ಲೆಕ್ಕ ಯಾವ ಯಂತ್ರದಲ್ಲಿಯೂ ಸಿಗದು.

ಇದಕ್ಕಿಂತ ಮುಖ್ಯವಾದುದನ್ನು ಈಗ ಹೇಳಬೇಕು. ಪುರಂದರದಾಸರ ಕೃತಿಗಳಲ್ಲಿ ಇಂದು ಎಲ್ಲಕ್ಕಿಂತ ಹೆಚ್ಚಾಗಿ ಹಾಡಲ್ಪಡುವುದು ಯಾವುದು? ‘ಜಗದೋದ್ಧಾರನ’ ಎಂದಾಗಲಿ ‘ಭಾಗ್ಯದ ಲಕ್ಷ್ಮೀ’ ಎಂದಾಗಲಿ ಉತ್ತರ ಬರಬಹುದು. ನಮ್ಮ ಮತದಲ್ಲಿ ಅದು ಸರಳೆ ವರಸೆ. ಕರ್ನಾಟಕ ಸಂಗೀತವನ್ನು ಕಲಿಯುವ ಮಗುವು ಚೆನ್ನೈಯ ಮೈಲಾಪುರದಲ್ಲಿರಲಿ, ಹೈದರಾಬಾದಿನಲ್ಲಿರಲಿ, ಮುಂಬಯಿಯ ಮಾಟುಂಗದಲ್ಲಿರಲಿ, ಮೊದಲ ದಿನ ಹಾಡುವುದು ಅದನ್ನೇ. ಸರಳೆ ವರಸೆ, ಜಂಟಿ ವರಸೆ, ಸಪ್ತತಾಳಗಳ ಅಲಂಕಾರ, ಆಮೇಲೆ ಗೀತೆ ಎಂಬ ಈ ಸೋಪಾನಕ್ರಮವನ್ನು ಕಟ್ಟಿಕೊಟ್ಟವರು ಪುರಂದರದಾಸರೆಂದು ತೆಲುಗು, ತಮಿಳು, ಮಲಯಾಳ, ಕನ್ನಡ ಎಂಬ ಭೇದವಿಲ್ಲದೆ ಗುರುಪರಂಪರೆಗಳೆಲ್ಲವೂ ಹೇಳುತ್ತವೆ. ಇದಕ್ಕೆ ದಾಸರ ಕಾಲದ ಶಾಸನವೇನೂ ಇಲ್ಲ, ಇರುವುದು ಪರಂಪರೆಯ ಮಾತು. ಆದರೆ ನಾಲ್ಕು ಭಾಷೆಗಳ ವಿದ್ವಾಂಸರು, ಅದರಲ್ಲಿಯೂ ತಮ್ಮ ತಮ್ಮ ಊರಿನ ವಾಗ್ಗೇಯಕಾರರ ಬಗ್ಗೆ ಅಭಿಮಾನವುಳ್ಳವರು, ಈ ಒಂದು ವಿಷಯದಲ್ಲಿ ಮಾತ್ರ ಕನ್ನಡದ ದಾಸರೊಬ್ಬರನ್ನು ‘ಸಂಗೀತ ಪಿತಾಮಹ’ರೆಂದು ಒಪ್ಪಿಕೊಂಡಿರುವುದನ್ನು ಲಘುವಾಗಿ ತಳ್ಳಿಹಾಕಲಾಗದು.

ನಾವು ರೈಲ್ವೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದವರು. ಆದ್ದರಿಂದ ಆ ಕಡೆಯ ಒಂದು ದೃಷ್ಟಾಂತವನ್ನು ಕೊಡುವೆವು, ವಾಚಕರು ಮನ್ನಿಸಬೇಕು. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ಗಾಡಿ ಹೊರಟಿತು. ಆ ಹಳಿಗಳ ನಡುವಣ ಅಂತರ 5 ಅಡಿ 6 ಅಂಗುಲ. ಇಂದು ರಾಜಧಾನಿ ಎಕ್ಸ್‌ಪ್ರೆಸ್ಸು ಓಡುವುದೂ ಅದೇ ಅಂತರದ ಮೇಲೆ. ಈಚಿನ ಲೆಕ್ಕದಲ್ಲಿ 1676 ಮಿಲಿಮೀಟರು. ಯಾವ ಗಾಡಿಯಲ್ಲಿ ಎಷ್ಟು ಜನ ಹೋದರೆಂದು ಪ್ರತಿದಿನವೂ ಲೆಕ್ಕವಿಡುತ್ತಾರೆ. ಗೇಜಿಗೆ ಟಿಕೇಟು ಕೊಂಡವರು ಯಾರೂ ಇಲ್ಲ. ಆದರೆ ಆ ಅಂತರವನ್ನು ಅಂದು ನಿಶ್ಚಯಿಸದಿದ್ದರೆ ಮುಂದಿನ ಎಂಜಿನು, ಡಬ್ಬಿ, ಸೇತುವೆ, ಸುರಂಗ ಯಾವುದನ್ನೂ ಕಟ್ಟುವಂತಿರಲಿಲ್ಲ. ದಾಸರು ಹಾಕಿಕೊಟ್ಟ ಪಾಠಕ್ರಮವೂ ಇಂಥದೇ. ಯೂಟ್ಯೂಬಿನಲ್ಲಿ ಸಂಗೀತದ ಮೊದಲ ಪಾಠಗಳು ಬೇಕಾದಷ್ಟಿವೆ. ಅವುಗಳ ಶಿರೋನಾಮೆಯಲ್ಲಿ ಪಾಠ ಹೇಳುವವರ ಹೆಸರಿರುತ್ತದೆ, ರಾಗದ ಹೆಸರಿರುತ್ತದೆ. ಪುರಂದರದಾಸರ ಹೆಸರು ಕಾಣುವುದು ಅಪೂರ್ವ.

ಆ ಪಾಠಗಳ ರಾಗ ಮಾಯಾಮಾಳವಗೌಳ. ಇದನ್ನೇ ಏಕೆ ಆರಿಸಿದರೆಂದು ಮಕ್ಕಳು ಕೇಳಿದರೆ ಹೇಳಲು ಸುಲಭವಾದ ಉತ್ತರವಿದೆ. ಷಡ್ಜದಿಂದ ಮಧ್ಯಮದವರೆಗಿನ ನಾಲ್ಕು ಸ್ವರಗಳ ಅಂತರ ಹೇಗಿದೆಯೋ ಪಂಚಮದಿಂದ ಮೇಲಿನ ಷಡ್ಜದವರೆಗಿನ ಅಂತರವೂ ಹಾಗೆಯೇ ಇದೆ. ಕೆಳಗಿನ ಅರ್ಧವನ್ನು ಕಲಿತ ಕಂಠವು ಮೇಲಿನ ಅರ್ಧವನ್ನು ತಾನೇ ಹಿಡಿಯುತ್ತದೆ. ಋಷಭವು ಷಡ್ಜಕ್ಕೆ ತೀರ ಹತ್ತಿರ, ಗಾಂಧಾರವು ದೂರ. ಹೀಗಾಗಿ ಸ್ವರಗಳು ಒಂದರೊಡನೊಂದು ಬೆರೆತು ಕಲಿಯುವವರನ್ನು ಗಲಿಬಿಲಿಗೊಳಿಸುವುದಿಲ್ಲ. ಸಂಸ್ಕೃತ ಬಲ್ಲವರಿಗಾಗಿ ಒಂದು ಉಪಕಥೆ: ‘ಮಾಯಾ’ ಎಂಬ ಪೂರ್ವಪದವು ದಾಸರ ಕಾಲದ್ದಲ್ಲ. ಕಟಪಯಾದಿ ಸಂಖ್ಯಾಕ್ರಮದಲ್ಲಿ ಮಕಾರಕ್ಕೆ 5, ಯಕಾರಕ್ಕೆ 1; ಅಂಕಗಳನ್ನು ವಾಮಗತಿಯಿಂದ ಓದಿದರೆ 15. ರಾಗವು ಹದಿನೈದನೆಯ ಮೇಳವೆಂದು ನೆನಪಿಡಲು ಮುಂದಿನವರು ಸೇರಿಸಿದ ಸಂಕೇತವದು. ದಾಸರ ಕಾಲದಲ್ಲಿ ಅದು ಬರಿಯ ಮಾಳವಗೌಳ. 1550ರಲ್ಲಿ ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯನು ರಚಿಸಿದ ‘ಸ್ವರಮೇಲಕಲಾನಿಧಿ’ಯ ಮೇಳಗಳ ಪಟ್ಟಿಯಲ್ಲಿ ಅದು ಆ ಹೆಸರಿನಿಂದಲೇ ಇದೆ. ಅಂದರೆ ಅದೇ ನಗರದಲ್ಲಿ, ಅದೇ ಕಾಲದಲ್ಲಿ ಪಂಡಿತರ ಶಾಸ್ತ್ರವೂ ದಾಸರ ಪ್ರಯೋಗವೂ ಜೊತೆಜೊತೆಯಾಗಿ ನಡೆಯುತ್ತಿದ್ದುವು.

ವರಸೆಗಳು ಮುಗಿದೊಡನೆ ಬರುವುವು ಪಿಳ್ಳಾರಿ ಗೀತೆಗಳು. ಇವುಗಳ ರಾಗ ಮಲಹರಿ. ಆರೋಹಣದಲ್ಲಿ ಗಾಂಧಾರವಿಲ್ಲ, ನಿಷಾದವು ಎಲ್ಲಿಯೂ ಇಲ್ಲ. ಏಳು ಸ್ವರಗಳನ್ನು ಸಾಧಿಸಿದ ಮಗುವಿಗೆ ಈಗ ಸ್ವರವನ್ನು ಬಿಡುವುದು ಹೇಗೆಂಬ ಪಾಠ. ‘ಕೆರೆಯ ನೀರನು’ ಎಂಬ ಗೀತೆಯಲ್ಲಿ ಪುರಂದರವಿಟ್ಠಲನ ಅಂಕಿತವು ಸ್ಪಷ್ಟವಾಗಿಯೇ ಇದೆ. ಅದರ ವಸ್ತು ಹರಿಯಿಂದ ಬಂದುದನ್ನು ಹರಿಗೇ ಅರ್ಪಿಸುವ ಸಮರ್ಪಣತತ್ತ್ವ. ಕನ್ನಡದ ಗಂಧವಿಲ್ಲದ ತಮಿಳು, ಮಲಯಾಳ ಮನೆಗಳ ಮಕ್ಕಳು ಬಾಯಿತುಂಬ ಹಾಡುವ ಮೊದಲ ಕನ್ನಡ ವಾಕ್ಯ ಇದೇ ಆಗಿರುತ್ತದೆ. ಪರಸ್ಥಳದಲ್ಲಿ ನೆಲೆಸಿ, ಮಕ್ಕಳಿಗೆ ಕನ್ನಡ ತಪ್ಪಿಹೋಯಿತೆಂದು ನಿಟ್ಟುಸಿರುಬಿಡುವ ನಮ್ಮ ಸಂಸಾರಗಳು ಇದನ್ನು ಗಮನಿಸಬೇಕು. ಪಕ್ಕದ ಮನೆಯ ಅಯ್ಯರ್ ಮಗುವು ನಮ್ಮ ದಾಸರ ಕನ್ನಡವನ್ನು ಕಲಿಯುತ್ತಿರುವಾಗ ನಮ್ಮ ಮಗುವು ಕಲಿಯುತ್ತಿಲ್ಲವೆಂದರೆ ಅದಕ್ಕೆ ಊರನ್ನು ದೂರುವುದು ಹೇಗೆ?

ಸಮಾನವೃತ್ತಿಯವರ ಮನ್ನಣೆಯೂ ಒಂದು ಅಳತೆ. ಶ್ರೀ ತ್ಯಾಗರಾಜರು (1767–1847) ತಮ್ಮ ‘ಪ್ರಹ್ಲಾದ ಭಕ್ತಿವಿಜಯ’ವೆಂಬ ಗೇಯನಾಟಕದ ಆರಂಭದಲ್ಲಿ ಪುರಂದರದಾಸರನ್ನು ವಂದಿಸಿದ್ದಾರೆ. ಅವರಿಗಿಂತ ಎರಡು ಶತಮಾನಕ್ಕೂ ಹಿಂದಿನವರು, ಬೇರೆ ಭಾಷೆಯವರು, ಬೇರೆ ಸಿದ್ಧಾಂತದವರು ದಾಸರು. ಆದರೂ ವಂದನೆ ಸಂದಿತು. ಅದಕ್ಕೂ ಮೊದಲು ತಂಜಾವೂರಿನ ಮರಾಠಾ ದೊರೆ ತುಳಜನು (ಆಳ್ವಿಕೆ 1728–1736) ‘ಸಂಗೀತಸಾರಾಮೃತ’ವೆಂಬ ಲಕ್ಷಣಗ್ರಂಥದಲ್ಲಿ ರಾಗಗಳಿಗೆ ಉದಾಹರಣೆ ಕೊಡುವಾಗ ಪುರಂದರದಾಸರ ಸುಳಾದಿಗಳನ್ನು ಹಿಡಿದುಕೊಂಡನು. ಲಕ್ಷಣಕಾರನಿಗೆ ಉದಾಹರಣೆಯಾಗುವುದೆಂದರೆ ನ್ಯಾಯಾಲಯದಲ್ಲಿ ಸಾಕ್ಷಿಯಾದಂತೆ. ಜನಪ್ರಿಯತೆ ಅಲ್ಲಿ ಸಾಲದು, ಶುದ್ಧಿ ಬೇಕು.

ಇಲ್ಲಿ ಸುಳಾದಿಯ ಮಾತು ಬಂತು. ಆನ್‌ಲೈನಿನ ಎಣಿಕೆಗೂ ಇತಿಹಾಸದ ಹಿರಿಮೆಗೂ ಇರುವ ದೂರವು ಎಲ್ಲಕ್ಕಿಂತ ಹೆಚ್ಚು ಕಾಣುವುದು ಈ ಪ್ರಕಾರದಲ್ಲಿಯೇ. ಹದಿಮೂರನೆಯ ಶತಮಾನದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಸಾಲಗಸೂಡವೆಂಬ ಪ್ರಬಂಧಗಳನ್ನು ವರ್ಣಿಸಿದ್ದಾನೆ. ಆ ಹಳೆಯ ಪ್ರಬಂಧಗಳಿಗೂ ಈಗ ನಾವು ಕೇಳುವ ಕೀರ್ತನೆ, ಕೃತಿಗಳಿಗೂ ನಡುವಣ ಸೇತುವೆಯೇ ಸುಳಾದಿ. ಒಂದೊಂದು ನುಡಿಗೂ ಒಂದೊಂದು ತಾಳ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ, ಏಕ. ಈ ಏಳು ತಾಳಗಳಿಗೆ ಇಂದಿಗೂ ‘ಸುಳಾದಿ ಸಪ್ತತಾಳ’ವೆಂದೇ ಹೆಸರು, ಐದು ಜಾತಿಗಳಿಂದ ಗುಣಿಸಿದರೆ ಮೂವತ್ತೈದು ತಾಳಗಳು. ಕಛೇರಿಯಲ್ಲಿ ಮೃದಂಗದವರು ಹಾಕುವ ಆದಿತಾಳವೂ ಚತುರಶ್ರಜಾತಿಯ ತ್ರಿಪುಟವೇ. ದಾಸರಿಗಿಂತ ಮೊದಲೇ ಮುಳಬಾಗಿಲಿನ ಶ್ರೀ ಶ್ರೀಪಾದರಾಜರು ಸುಳಾದಿಗಳನ್ನು ರಚಿಸಿದ್ದರು. ಮುಂದೆ ಶ್ರೀ ವಿಜಯದಾಸರು (1682–1755) ಅದನ್ನು ತತ್ತ್ವನಿರೂಪಣೆಯ ಮಹಾಮಾಧ್ಯಮವನ್ನಾಗಿ ಬೆಳೆಸಿದರು. ನಡುವೆ ಅದಕ್ಕೆ ಸಂಗೀತಜಗತ್ತಿನಲ್ಲಿ ನೆಲೆ ಕೊಟ್ಟವರು ಪುರಂದರದಾಸರು. ತಂಜಾವೂರಿನ ಸರಸ್ವತೀ ಮಹಲ್ ಗ್ರಂಥಾಲಯದಲ್ಲಿ ಸ್ವರಸಹಿತವಾದ ಸುಳಾದಿಗಳ ಹಸ್ತಪ್ರತಿಗಳು ಉಳಿದಿವೆ. ಮೈಸೂರಿನ ಡಾ. ರಾ. ಸತ್ಯನಾರಾಯಣರು ಸುಳಾದಿ, ಉಗಾಭೋಗಗಳ ಸಂಗೀತದ ಬಗ್ಗೆ ಬಹುಕಾಲ ಶ್ರಮಿಸಿ ಗ್ರಂಥವನ್ನೇ ಬರೆದರು.

ಒಂದು ವಿಚಿತ್ರವನ್ನು ನೋಡಿರಿ. ದಾಸರ ದೇವರನಾಮಗಳ ಸಾಹಿತ್ಯ ನಮಗೆ ಉಳಿದು ಬಂದಿದೆ, ಆದರೆ ಅವರು ಹಾಡಿದ ಧಾಟಿ ಬಹುಮಟ್ಟಿಗೆ ಉಳಿದಿಲ್ಲ. ಈಗ ನಾವು ಕೇಳುವ ಧಾಟಿಗಳಲ್ಲಿ ಹೆಚ್ಚಿನವು ಕಳೆದ ಶತಮಾನದ ಸಂಗೀತಗಾರರು ಕೂಡಿಸಿದವು. ಸುಳಾದಿಗಳಲ್ಲಿಯಾದರೋ ಸ್ವರ, ತಾಳಗಳ ಹಳೆಯ ಗುರುತುಗಳು ಹಸ್ತಪ್ರತಿಗಳಲ್ಲಿ ಸಿಗುತ್ತವೆ. ಅಂದರೆ ದಾಸರ ಸಂಗೀತಕ್ಕೆ ನಾವು ಹೆಚ್ಚು ಹತ್ತಿರ ಹೋಗಬಹುದಾದ ಬಾಗಿಲು ಸುಳಾದಿಯೇ. ಆ ಬಾಗಿಲನ್ನೇ ನಾವು ‘ಜನ ಕೂರುವುದಿಲ್ಲ’ ಎಂದು ಮುಚ್ಚುತ್ತಿದ್ದೇವೆ. ಸುಳಾದಿಯನ್ನು ತಾಳ ತಪ್ಪದೆ ಹಾಡಬಲ್ಲವರು ಈಗಲೇ ವಿರಳ; ಆರಾಧನೆಯಲ್ಲಿಯೂ ಅದಕ್ಕೆ ಸ್ಥಳವಿಲ್ಲವೆಂದಾದರೆ ಅದನ್ನು ಕಲಿಯುವವರು ಎಲ್ಲಿಂದ ಬರಬೇಕು? ಮುದ್ರಿತ ಪುಸ್ತಕದಲ್ಲಿ ಪಾರಾಯಣಕ್ಕೆ ಮಾತ್ರ ಉಳಿದ ಸುಳಾದಿಯು ಅರ್ಧ ಸುಳಾದಿ.

ಹೀಗೆಂದ ಮಾತ್ರಕ್ಕೆ ನಾವು ಯಂತ್ರದ ವೈರಿಗಳೆಂದು ಯಾರೂ ಭಾವಿಸಬಾರದು. ಪದಗಳನ್ನು ಹೊತ್ತುಕೊಂಡು ಹೋಗುವ ವಾಹನವು ಕಾಲಕಾಲಕ್ಕೆ ಬದಲಾಗುತ್ತಲೇ ಬಂದಿದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿಗಳು ದಾಸರ ಪದಗಳ ಸಂಗ್ರಹವನ್ನು ಅಚ್ಚಿಗೆ ತಂದರು. ಅನ್ಯಮತದವರಿಂದ ನಮಗಾದ ಉಪಕಾರ. ಉಡುಪಿಯಲ್ಲಿ ಪಾವಂಜೆ ಗುರುರಾಯರು ಮುದ್ರಿಸಿದ ಪುಸ್ತಕಗಳು ನಮ್ಮ ಹಿರಿಯರ ಪೆಟ್ಟಿಗೆಗಳಲ್ಲಿ ಪರವೂರು ಸೇರಿದವು. ಆಮೇಲೆ ಗ್ರಾಮಫೋನು, ಆಕಾಶವಾಣಿ. ‘ಜಗದೋದ್ಧಾರನ’ವನ್ನು ಮನೆಮಾತಾಗಿಸಿದ್ದು ಬಿ.ಎಸ್. ರಾಜಯ್ಯಂಗಾರ್ಯರ ತಟ್ಟೆ. ತಾಯಿ ಲಲಿತಾಂಗಿಯವರಿಂದ ಕಲಿತ ದೇವರನಾಮಗಳನ್ನು ಎಂ.ಎಲ್. ವಸಂತಕುಮಾರಿಯವರು ಮದರಾಸಿನ ಕಛೇರಿಗಳಲ್ಲಿ ಪ್ರತಿಷ್ಠಾಪಿಸಿದರು. ಪಂಡಿತ ಭೀಮಸೇನ ಜೋಶಿಯವರು ಕನ್ನಡ ಬಾರದ ಉತ್ತರದವರಿಗೂ ದಾಸರ ಪದಗಳ ರುಚಿ ಹತ್ತಿಸಿದರು. 1964ರ ಜನವರಿ 14ರಂದು, ದಾಸರ ನಾಲ್ಕುನೂರನೆಯ ಆರಾಧನೆಯ ಸಂದರ್ಭದಲ್ಲಿ, ಭಾರತ ಸರಕಾರವು ಅಂಚೆಚೀಟಿಯನ್ನು ಹೊರಡಿಸಿತು. ರಾಜಕುಮಾರರು ದಾಸರಾಗಿ ಅಭಿನಯಿಸಿದ ‘ನವಕೋಟಿ ನಾರಾಯಣ’ ತೆರೆಕಂಡದ್ದೂ ಆ ವರ್ಷವೇ. ಯೂಟ್ಯೂಬ್ ಇದೇ ಸಾಲಿಗೆ ಸೇರಿದ ಒಂದು ವಾಹನ. ದೆಹಲಿಯ ಹತ್ತನೆಯ ಮಹಡಿಯ ಮನೆಯಲ್ಲಿ ಕುಳಿತ ಹುಡುಗಿ ಧಾರವಾಡದ ಗುರುಗಳಿಂದ ಪದ ಕಲಿಯುವುದು ಇಂದು ಸಾಧ್ಯವಾಗಿರುವುದು ಅದರಿಂದಲೇ. ವಾಹನಕ್ಕೆ ನಮಸ್ಕರಿಸೋಣ, ಊರಿನ ದಾರಿಯನ್ನು ಮಾತ್ರ ಅದನ್ನು ಕೇಳುವುದು ಬೇಡ.

ಎಣಿಕೆಯು ಹೆಸರನ್ನು ಹೇಗೆ ಅಳಿಸುತ್ತದೆಂಬುದಕ್ಕೆ ಒಂದು ನಿದರ್ಶನ. ಮೇಲೆ ಹೇಳಿದ ಆಮಂತ್ರಣ ಪತ್ರಿಕೆಯಲ್ಲಿ ಪುರಂದರದಾಸರ ಹೆಸರಿನಲ್ಲಿ ಅಚ್ಚಾಗಿದ್ದುದು ‘ಕೃಷ್ಣಾ ನೀ ಬೇಗನೆ ಬಾರೋ’. ಅದು ಶ್ರೀ ವ್ಯಾಸರಾಜರದು. ಅಂತ್ಯದಲ್ಲಿ ಉಡುಪಿಯ ಶ್ರೀಕೃಷ್ಣನ ಸ್ಮರಣೆಯಿದೆ, ವಿಟ್ಠಲನದಲ್ಲ. ಬಾಲಸರಸ್ವತಿಯವರು ಅದಕ್ಕೆ ಅಭಿನಯಿಸಿದುದನ್ನು ಸತ್ಯಜಿತ್ ರಾಯರು 1976ರ ‘ಬಾಲಾ’ ಚಿತ್ರದಲ್ಲಿ ಸೆರೆಹಿಡಿದರು. 1996ರಲ್ಲಿ ಕಲೋನಿಯಲ್ ಕಸಿನ್ಸ್ ಎಂಬ ಜೋಡಿಯು ಪಾಶ್ಚಾತ್ಯ ವಾದ್ಯಗಳೊಡನೆ ಹಾಡಿ ಅದನ್ನು ಕಾಲೇಜು ಹುಡುಗರವರೆಗೆ ಮುಟ್ಟಿಸಿತು. ಕೇಳಿದವರು ಅಸಂಖ್ಯ. ಅವರಲ್ಲಿ ಎಷ್ಟು ಮಂದಿಗೆ ಗೊತ್ತು, ಮಗುವನ್ನು ಕರೆಯುವಂತೆ ಕೃಷ್ಣನನ್ನು ಕರೆದ ಆ ಯತಿಗಳೇ ‘ತಾತ್ಪರ್ಯಚಂದ್ರಿಕಾ’, ‘ತರ್ಕತಾಂಡವ’, ‘ನ್ಯಾಯಾಮೃತ’ಗಳ ಕರ್ತೃಗಳೆಂದು? ‘ನ್ಯಾಯಾಮೃತ’ಕ್ಕೆ ಉತ್ತರವಾಗಿ ಮಧುಸೂದನ ಸರಸ್ವತಿಗಳಂಥ ಧೀಮಂತರು ‘ಅದ್ವೈತಸಿದ್ಧಿ’ಯನ್ನೇ ರಚಿಸಬೇಕಾಯಿತು, ಅದಕ್ಕೆ ಮರು ಉತ್ತರವಾಗಿ ನಮ್ಮವರ ‘ತರಂಗಿಣಿ’ ಬಂತು. ಪ್ರತಿಪಕ್ಷದ ಶ್ರೇಷ್ಠರು ಒಂದು ಗ್ರಂಥವನ್ನು ಸಾಲುಸಾಲಾಗಿ ಓದಿ ಖಂಡಿಸಲು ಶ್ರಮಪಟ್ಟರೆಂಬುದು ಆ ಗ್ರಂಥಕ್ಕೆ ಸಂದ ಗೌರವ. ಅಂಥ ಓದುಗರು ಹತ್ತು ಮಂದಿ ಸಾಕು.

ಸಂಖ್ಯೆಯ ಮೋಹವನ್ನು ಮಕ್ಕಳ ಮೇಲೆ ಮಾತ್ರ ಹೊರಿಸುವುದೂ ನ್ಯಾಯವಲ್ಲ. ದಾಸರು ನಾಲ್ಕು ಲಕ್ಷ ಎಪ್ಪತ್ತೈದು ಸಾವಿರ ಪದಗಳನ್ನು ರಚಿಸಿದರೆಂದು ನಮ್ಮ ವೇದಿಕೆಗಳಲ್ಲಿ ಹಿರಿಯರು ಪ್ರತಿವರ್ಷವೂ ಘೋಷಿಸುತ್ತಾರೆ. ದಾಸರ ಅಂಕಿತದ ಪದವೊಂದರಲ್ಲಿ ಆ ಸಂಖ್ಯೆ ಬಂದಿರುವುದು ನಿಜ. ದಾಸದೀಕ್ಷೆಯ ಬಳಿಕ ನಲವತ್ತು ವರ್ಷಗಳೆಂದು ಹಿಡಿದರೂ ದಿನವೊಂದಕ್ಕೆ 32ಕ್ಕೂ ಹೆಚ್ಚು ಪದಗಳಾಗುತ್ತವೆ. ಅಲ್ಲಿ ಎಣಿಸಿರುವುದು ನುಡಿಗಳನ್ನೆಂದು ಕೆಲವರು ಸಮಾಧಾನ ಹೇಳುವರು; ಹರಿಯ ಮಹಿಮೆಯ ಅಪಾರತೆಯನ್ನು ಸೂಚಿಸುವ ಮಾತು ಅದೆಂದು ನಮಗೆ ತೋರುತ್ತದೆ. ಈಗ ಅಚ್ಚಿನಲ್ಲಿ ದೊರೆಯುವ ಪದಗಳು ಸುಮಾರು ಒಂದು ಸಾವಿರ. ಅವುಗಳಲ್ಲಿ ನಮ್ಮ ಮನೆಗಳಲ್ಲಿ ಹಾಡುವುವು ಎಷ್ಟು? ಇಪ್ಪತ್ತು ದಾಟಿದರೆ ಹೆಚ್ಚು.

ಈ ವರ್ಷದ ಆರಾಧನೆಗೆ ಮುನ್ನ ಒಂದು ಸುಳಾದಿಯನ್ನಾದರೂ ಕಲಿಯಲು ಇಚ್ಛಿಸುವವರಿಗಾಗಿ ಕೆಲವು ಸೂಚನೆಗಳು. ದಾಸಸಾಹಿತ್ಯದ ಪುಸ್ತಕಗಳಲ್ಲಿ ಸುಳಾದಿಯ ಪ್ರತಿ ನುಡಿಯ ತಲೆಯ ಮೇಲೆ ತಾಳದ ಹೆಸರು ಅಚ್ಚಾಗಿರುತ್ತದೆ; ಮಠ್ಯವು ಅಲ್ಲಿ ‘ಮಟ್ಟ’, ತ್ರಿಪುಟವು ‘ತ್ರಿವಿಡಿ’, ಅಟವು ‘ಅಟ್ಟ’. ಮೊದಲು ಸಾಹಿತ್ಯವನ್ನು ಬಿಟ್ಟು ತಾಳವನ್ನಷ್ಟೇ ಕೈಯಲ್ಲಿ ಹಾಕಿರಿ. ಧ್ರುವಕ್ಕೆ ಲಘು, ದ್ರುತ, ಲಘು, ಲಘು. ಚತುರಶ್ರದಲ್ಲಿ 14 ಅಕ್ಷರ. ಮಟ್ಟಕ್ಕೆ ಲಘು, ದ್ರುತ, ಲಘು, 10 ಅಕ್ಷರ. ರೂಪಕವು ದ್ರುತ, ಲಘು ಸೇರಿ 6. ತ್ರಿವಿಡಿಯನ್ನು ತಿಶ್ರಜಾತಿಯಲ್ಲಿ ಹಾಕಿದರೆ 3, 2, 2 ಎಂದು 7. ಅಟ್ಟತಾಳ ಖಂಡಜಾತಿಯಲ್ಲಿ ಮತ್ತೆ 14. ಧ್ರುವದಷ್ಟೇ ಅಕ್ಷರಗಳಾದರೂ ನಡೆ ಬೇರೆ, ಮಕ್ಕಳು ಇದನ್ನು ಬೇಗ ಹಿಡಿಯುತ್ತಾರೆ, ದೊಡ್ಡವರಿಗೇ ಕಷ್ಟ. ಅಲಂಕಾರಗಳನ್ನು ಕಲಿತ ಮಗು ಮನೆಯಲ್ಲಿದ್ದರೆ ತಾಳ ಹಾಕುವ ಕೆಲಸವನ್ನು ಅದಕ್ಕೇ ಒಪ್ಪಿಸಿ, ತಂದೆತಾಯಿಗಳು ಸಾಹಿತ್ಯವನ್ನು ಓದಿಕೊಂಡು ಹೋಗಬಹುದು. ಒಂದು ತಾಳದಿಂದ ಇನ್ನೊಂದಕ್ಕೆ ಹೊರಳುವಾಗ ಒಂದು ಆವರ್ತ ಬರಿದೆ ಬಿಟ್ಟು ಎತ್ತಿಕೊಂಡರೆ ತೊಡಕಾಗದು. ಕೊನೆಯಲ್ಲಿ ‘ಜತೆ’ ಎಂಬ ಎರಡು ಸಾಲುಗಳಿರುತ್ತವೆ, ಸುಳಾದಿಯ ತಾತ್ಪರ್ಯವೆಲ್ಲ ಅಲ್ಲಿ ಅಡಗಿರುತ್ತದೆ. ಅದನ್ನು ಎಲ್ಲರೂ ಒಟ್ಟಿಗೆ, ನಿಧಾನವಾಗಿ ಹೇಳಬೇಕು.

॥ ಶ್ರೀಕೃಷ್ಣಾರ್ಪಣಮಸ್ತು ॥